ಸಾಕು ಎಂಬ ಮಾತು

ಕಾರ್ತಿಕದ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಸೋಮನಹಳ್ಳಿ ಹತ್ತಿರದ ಕಲ್ಯಾಣ ಮಂಟಪದ ಹಿತ್ತಿಲು. ಹಾಜರಿದ್ದವರು: ನಾನು, ಮಂಟಪ ನಡೆಸುವ ನನ್ನ ಅಕ್ಕನ ಮಗ ಸುರೇಶ, ಬಡಿಸುವವರ ಮೇಸ್ತ್ರಿ ನಿಂಗಪ್ಪ, ಮತ್ತು ನೊಣಗಳು.

ಎಂಜಲೆಲೆಯ ಗುಂಡಿ ತುಂಬಿ ನಾರುತ್ತಿತ್ತು. ಮೊದಲೆಲ್ಲ ಪಕ್ಕದ ಮನೆಯ ಚಿಕ್ಕತಾಯಮ್ಮ ಆ ಎಲೆಗಳನ್ನು ಹಸುಗಳಿಗೆ ಒಯ್ಯುತ್ತಿದ್ದರು. ಎಲೆಗಳ ನಡುವೆ ಪ್ಲಾಸ್ಟಿಕ್ ಲೋಟ ಸೇರತೊಡಗಿದ ಮೇಲೆ ಬಿಟ್ಟರು. ಈಗ ವಾಸನೆ ತಾಳಲಾರದೆ ದೂರು ಕೊಟ್ಟವರೂ ಅವರೇ. ಇನ್ನೊಮ್ಮೆ ನಾರಿದರೆ ಮಂಟಪಕ್ಕೆ ಬೀಗ ಎಂದು ಪಂಚಾಯಿತಿಯವರು ಹೇಳಿ ಹೋಗಿದ್ದರು.

ಹಾಸ್ಟೆಲ್ ವಾರ್ಡನ್ ಆಗಿ ಕೂದಲು ಬೆಳ್ಳಗಾದ ನನಗೆ ಪರಿಹಾರ ಸುಲಭವಾಗಿ ಕಂಡಿತು. ನನ್ನ ಕಾಲದಲ್ಲಿ ತಟ್ಟೆಯಲ್ಲಿ ಅಗುಳು ಉಳಿಸಿದವನು ಏಳುವಂತಿರಲಿಲ್ಲ. "ಸಾಕು ಅಂದ ಕೂಡಲೇ ಸೌಟು ಎತ್ತಬೇಕು" ಎಂದು ಆಜ್ಞೆ ಹೊರಡಿಸಿದೆ.

ನಿಂಗಪ್ಪ ತಲೆ ಕೆರೆದುಕೊಂಡ. "ಸಾಕು ಅಂದ್ರೆ ಇನ್ನೊಂಚೂರು ಆಕು ಅಂತ ಅಲ್ವಾ ಸಾ?"

ಸುಳ್ಳಲ್ಲ. ವ್ಯಾಕರಣ ಏನಾದರೂ ಹೇಳಲಿ, ನಮ್ಮ ಸೀಮೆಯ ಪಂಕ್ತಿಯಲ್ಲಿ ಅದು ಆಹ್ವಾನ. ಮೊದಲ ಸಾಕು ಸಂಕೋಚದ್ದು, ಆಮೇಲಿನದು ಮರ್ಯಾದೆಯದು. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದು, ಬೆರಳ ಸಂದಿಯಲ್ಲಿ ಸಾರು ಇಳಿಯುವಾಗ ಹೇಳುವುದೇ ನಿಜವಾದ ಸಾಕು. ಅಷ್ಟರಲ್ಲಿ ಎಲೆಯ ಮೇಲೆ ಇನ್ನೊಬ್ಬರ ಊಟ ಬಿದ್ದಿರುತ್ತದೆ.

ಅಂದು ಮಧ್ಯಾಹ್ನ ಮದುವೆಯೂಟದ ಮೊದಲ ಪಂಕ್ತಿಯಲ್ಲೇ ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ಯಾಕ್ಲಾ, ಸಾಕು ಅಂದೇಟ್ಗೆ ಓಗೇಬುಡೋದಾ? ಉಣ್ಣಕ್ಕೆ ಗತಿಯಿಲ್ದೆ ಬಂದಿದ್ದೀವಾ ನಾವು?" ಸುರೇಶ ಓಡಿಬಂದು ಕೈಮುಗಿದ. ಮುಂದಿನ ಪಂಕ್ತಿಯಿಂದ ಸೌಟುಗಳು ಹಳೆಯ ದಾರಿಗೇ ಮರಳಿದವು.

ಕೊನೆಯ ಪಂಕ್ತಿಗೆ ನಾನು ಕುಳಿತೆ. ಒಬ್ಬಟ್ಟು ಬಂತು. ಒಂದು ಬಿದ್ದ ಮೇಲೆ "ಸಾಕು" ಎಂದೆ. ನಿಂಗಪ್ಪ ನನಗೊಬ್ಬನಿಗೆ ಆಜ್ಞೆ ಪಾಲಿಸಿ ಮುಂದಿನ ಎಲೆಗೆ ಹೋದ. ಅವನ ಬೆನ್ನು ನೋಡುತ್ತ ನನಗೆ ಬಂದ ಸಿಟ್ಟು ಸಣ್ಣದಲ್ಲ. ಇನ್ನೊಂದು ಬೇಕಿತ್ತು. ಶಿಸ್ತು ಕಲಿಸಿದ ನಾಲಿಗೆಯೇ ಹೀಗೆ ಎಂದಮೇಲೆ ಊರನ್ನು ತಿದ್ದುವ ಆಸೆ ಅಲ್ಲಿಗೇ ಬಿಟ್ಟುಹೋಯಿತು.

ಸಂಜೆ ಆ ದಿನದ ಎಲೆಗಳನ್ನೂ ಅದೇ ಗುಂಡಿಗೆ ತುಳಿದು ತುಂಬಿ ಮಣ್ಣು ಎಳೆಸಿದೆವು. ಬೇಲಿಯಾಚೆ ಚಿಕ್ಕತಾಯಮ್ಮ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. "ಇನ್ನೊಂದ್ ಮದ್ವೆ ಆಗ್ಲಿ, ಬೀಗ ನಾನೇ ತತ್ತೀನಿ ಕಣಪ್ಪ."

ಸುರೇಶ ನನ್ನ ಮುಖ ನೋಡಿದ. "ಮಣ್ಣು ಇಷ್ಟು ಸಾಕಾ ಮಾವ?"

"ಸಾಕು" ಎಂದೆ.

ಅವನು ಇನ್ನೆರಡು ಬುಟ್ಟಿ ಸುರಿಸಿದ. ಆಮೇಲೆ ಪಕ್ಕದಲ್ಲೇ ಮುಂದಿನ ಗುಂಡಿಗೆ ಸುಣ್ಣದಲ್ಲಿ ಗೆರೆ ಎಳೆದ. ನಾನು ಸಲಿಕೆಗಳನ್ನು ತೊಳೆದು ಗೋಡೆಗೆ ಒರಗಿಸಿದೆ.