ಶರಣೆಗೆ ಕಾಂಪೌಂಡಿನ ಮೇಲೆ ಊಟ

ನಮ್ಮ ಬೆಕ್ಕು ಗುಬ್ಬಿ ಊರಿನಲ್ಲಿರುವ ನನ್ನ ಅಕ್ಕನ ಮನೆಯಿಂದ ತುಮಕೂರಿಗೆ ಬಂದದ್ದು ವೈರ್ ಬುಟ್ಟಿಯಲ್ಲಿ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ. ಹೊಸಿಲಲ್ಲೇ ಅತ್ತೆ ತಡೆದಿದ್ದರು. ಲಿಂಗಪೂಜೆಯಾಗದೆ ಅವರು ಒಂದು ಗುಟುಕು ಕಾಫಿಯನ್ನೂ ಕುಡಿಯುವವರಲ್ಲ. ಮನೆಯಲ್ಲಿ ಮೊಟ್ಟೆಯ ಮಾತೂ ಆಡುವಂತಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವರು ಪೂಜೆಗೆ ಕೂತಾಗ ಆ ಮರಿ ಎದುರಿಗೆ ಬಂದು, ಬಾಲವನ್ನು ಕಾಲಿಗೆ ಸುತ್ತಿಕೊಂಡು, ಮುಗಿಯುವ ತನಕ ಅಲ್ಲಾಡದೆ ಕೂತಿತು. ನೈವೇದ್ಯದ ಹಾಲಿನಲ್ಲಿ ಎರಡು ಚಮಚ ಅದಕ್ಕೂ ಸಿಕ್ಕಿತು. ಅಂದಿನಿಂದ ಅದು ಅತ್ತೆಯ ಬಾಯಲ್ಲಿ ‘ಶರಣೆ’.

ಹಾಲನ್ನ, ತುಪ್ಪ ಸವರಿದ ಚಪಾತಿ, ಮೊಸರು. ಬಂದವರ ಮುಂದೆಲ್ಲ ಅತ್ತೆಗೆ ಹೆಮ್ಮೆ. “ನಮ್ಮನೆ ಬೆಕ್ಕು ಹಲ್ಲೀನೂ ಮುಟ್ಟಲ್ಲ ಕಣಮ್ಮ.” ಕುಣಿಗಲ್‌ನಲ್ಲಿರುವ ಅವರ ತಂಗಿಗೆ ಫೋನಿನಲ್ಲೂ ಇದೇ ವರ್ಣನೆ. ನನಗೂ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳು ಯಾಕೆ. ಇಂಜೆಕ್ಷನ್ ಹಾಕಿಸಿದ್ದೆ, ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೆ. ಊಟದ ವಿಷಯ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ವರ್ಷವಾಗುತ್ತಾ ಬಂದಾಗ ಕೆಲವು ಸಣ್ಣ ಸಂಗತಿಗಳು ಕಣ್ಣಿಗೆ ಬಿದ್ದವು. ದಿಂಬಿನ ಮೇಲೆ ಕೂದಲು. ಆಗಾಗ ಭೇದಿ. ಒಂದು ಬೆಳಿಗ್ಗೆ ಒಗೆಯುವ ಕಲ್ಲಿನಿಂದ ಅಡುಗೆಮನೆ ಕಿಟಕಿಗೆ ಹಾರಲು ಹೋಗಿ ಅರ್ಧದಲ್ಲೇ ಜಾರಿ ಬಿತ್ತು. ಬಿದ್ದದ್ದಕ್ಕಿಂತ, ಆಮೇಲೆ ಅದು ಕಿಟಕಿಯ ಕಡೆ ನೋಡದೆ ಹೋದದ್ದು ನನ್ನನ್ನು ಕಾಡಿತು. ಕಂಡದ್ದನ್ನು ಬರೆದಿಡುವ ಅಭ್ಯಾಸವನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಹಿಡಿಸಿದ್ದರು. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ‘ಬಿತ್ತು’ ಎಂದು ಬರೆದೆ. ಆ ವಾರ ಮೂರು ಸಲ ಬರೆಯಬೇಕಾಯಿತು.

ಪಶುವೈದ್ಯರ ಹತ್ತಿರ ಒಯ್ದಾಗ ಊಟಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಮೇಡಂ, ಬೆಕ್ಕು ಹಸು ಅಲ್ಲ. ಮಾಂಸದಲ್ಲಿರೋ ಸತ್ವ ಅದಕ್ಕೆ ಹಾಲನ್ನದಲ್ಲಿ ಸಿಗಲ್ಲ, ಹಾಲು ಹೊಟ್ಟೆಗೂ ಆಗಲ್ಲ. ಸದ್ಯ ಕಣ್ಣಿಗೆ ಏನೂ ಆಗಿಲ್ಲ. ಹೀಗೇ ಬಿಟ್ರೆ ಕಣ್ಣೂ ಹೋಗತ್ತೆ, ಹಾರ್ಟೂ ಕೆಡತ್ತೆ.”

ಬೆಕ್ಕಿಗೆಂದೇ ಮಾಡಿದ ಆಹಾರ, ಜೊತೆಗೆ ಉಪ್ಪು, ಈರುಳ್ಳಿ ಏನೂ ಇಲ್ಲದೆ ಬೇಯಿಸಿದ ಕೋಳಿ ಎಂದು ಬರೆದುಕೊಟ್ಟರು. ಪ್ಯಾಕೆಟ್ಟಿನ ಮೇಲಿದ್ದ ಮೀನಿನ ಚಿತ್ರ ನೋಡಿದ್ದೇ ಅತ್ತೆ ಎದ್ದು ನಿಂತರು.

“ಅದನ್ನ ತಿನ್ನೋ ಬೆಕ್ಕು ನನ್ನ ಪೂಜೆ ಮುಂದೆ ಕೂರೋದಾ? ಗುಬ್ಬಿಗೇ ಬಿಟ್ಟು ಬಾ.”

ನನ್ನವರು ಅಂತರಸನಹಳ್ಳಿಯ ಫ್ಯಾಕ್ಟರಿಗೆ ಹೊರಟು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. “ಅಮ್ಮನ ವಿಷಯಕ್ಕೆ ನಾನ್ ಬರಲ್ಲ ಕಣೇ” ಅಂದು ಗಾಡಿ ಸ್ಟಾರ್ಟ್ ಮಾಡಿದರು.

ನಾನು ಜೋರು ಮಾತಿನವಳಲ್ಲ. “ಒಂದು ತಿಂಗಳು ಕೊಡಿ ಅತ್ತೆ, ಮನೆಯೊಳಗೆ ಏನೂ ತರಲ್ಲ” ಎಂದೆ. ಆ ತಿಂಗಳನ್ನು ಉಳಿಸಿದವರು ಪಕ್ಕದ ಮನೆಯ ಸಾಬರ ಹೆಂಗಸು.

“ನಮ್ ಮನೆಯವ್ರು ಉಪ್ಪು ಕಮ್ಮಿಯಾದ್ರೆ ತಟ್ಟೆ ತಳ್ತಾರೆ ಅಕ್ಕ. ನಿಮ್ ಬೆಕ್ಕಿಗೆ ಸಪ್ಪೆ ಅಡುಗೆ ಬೇರೆ ಮಾಡ್ಬೇಕಾ?” ಎಂದು ನಕ್ಕು, ಕೋಳಿ ಬೇಯಿಸಿಕೊಡಲು ಒಪ್ಪಿದರು. ಪ್ಯಾಕೆಟ್ಟನ್ನೂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ದಿನಕ್ಕೆರಡು ಸಲ ನಮ್ಮಿಬ್ಬರ ಮನೆಗಳ ನಡುವಿನ ಕಾಂಪೌಂಡಿನ ಮೇಲೆ ಒಂದು ಸ್ಟೀಲ್ ಬಟ್ಟಲು ಬರತೊಡಗಿತು.

ಅತ್ತೆ ಹಿತ್ತಿಲಿನ ಕುರ್ಚಿಯಲ್ಲಿ ಕೂತು ಕಾವಲು ಕಾದರು. ತಿಂದ ಬಾಯಲ್ಲಿ ಬೆಕ್ಕು ಒಳಗೆ ನುಗ್ಗಿದರೆ ಹಿಡಿಯಬೇಕೆಂದು. ಆದರೆ ಬೆಕ್ಕು ನುಗ್ಗಲಿಲ್ಲ. ತಿಂದಾದ ಮೇಲೆ ಗೋಡೆಯ ಮೇಲೇ ಕೂತು ಮೊದಲು ಬಾಯಿ, ಆಮೇಲೆ ಒಂದು ಕೈ, ಆ ಕೈಯಿಂದ ಕಿವಿಯ ಹಿಂದಿನವರೆಗೂ ಮುಖ, ಮತ್ತೆ ಇನ್ನೊಂದು ಕೈ. ಅಷ್ಟೂ ಮುಗಿದ ಮೇಲೆಯೇ ಇಳಿಯಿತು. ನಾಲ್ಕು ದಿನ ಅತ್ತೆ ಸುಮ್ಮನೆ ನೋಡಿದರು. ಐದನೆಯ ದಿನ ನನ್ನ ಕಡೆ ತಿರುಗದೆಯೇ ಹೇಳಿದರು:

“ನಿಮ್ ಮಾವನೋರೂ ಇಷ್ಟ್ ಚೆನ್ನಾಗಿ ಕೈ ತೊಳೀತಿರ್ಲಿಲ್ಲ.”

ನಾನು ನಗು ಬಾರದಂತೆ ಸೊಪ್ಪು ಬಿಡಿಸುತ್ತಾ ಕೂತೆ. ಪ್ಯಾಕೆಟ್ಟು ಬಂದಂದಿನಿಂದ ಪೂಜೆಯ ಹೊತ್ತಿಗೆ ಮುಚ್ಚಿರುತ್ತಿದ್ದ ದೇವರಕೋಣೆಯ ಬಾಗಿಲು ಮರುದಿನ ತೆರೆದೇ ಇತ್ತು.

ಮೂರನೆಯ ವಾರಕ್ಕೆ ಭೇದಿ ನಿಂತಿತ್ತು, ಬೆನ್ನಿನ ಕೂದಲಿಗೆ ಹೊಳಪು ಬಂದಿತ್ತು. ತಿಂಗಳು ತುಂಬಲು ಎರಡು ದಿನವಿರುವಾಗ ನಾನು ಅಡುಗೆಮನೆಯ ಕಿಟಕಿಯ ಬಳಿ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಒಗೆಯುವ ಕಲ್ಲಿನ ಮೇಲೆ ಬೆಕ್ಕು ಬಂದು ಕೂತಿತು, ಹಿಂಗಾಲು ಮಡಿಸಿತು, ಕಿಟಕಿಯನ್ನೇ ನೋಡಿತು. ನಾನು ನಲ್ಲಿ ನಿಲ್ಲಿಸಿದೆ. ಒಂದೇ ನೆಗೆತ. ಸರಳುಗಳ ನಡುವೆ ಅದರ ಮುಖ ನನ್ನ ಮುಖದೆದುರಿಗೇ ಇತ್ತು. ಸೋಪಿನ ಕೈಯಲ್ಲೇ ಓಡಿಹೋಗಿ ಕ್ಯಾಲೆಂಡರಿನಲ್ಲಿ ‘ಹಾರಿತು’ ಎಂದು ಬರೆದೆ. ಆ ಚೌಕದಲ್ಲಿ ನೀರಿನ ಕಲೆ ಈಗಲೂ ಇದೆ.

ಆ ಭಾನುವಾರ ಕುಣಿಗಲ್‌ನಿಂದ ಅತ್ತೆಯ ತಂಗಿ ಬಂದರು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು; ಹಿತ್ತಿಲಿಗೆ ಬಂದವರೇ ಕಾಂಪೌಂಡಿನ ಮೇಲೆ ಬಟ್ಟಲಿಡುವ ಜಾಗ ನೋಡಿ ಶುರು ಮಾಡಿದರು.

“ಏನಕ್ಕ, ನಿನ್ನ ಶರಣೆ ಈಗ ಕೋಳಿ ತಿಂತಾಳಂತೆ?”

ಅತ್ತೆ ವಿಭೂತಿಯ ಹಣೆಯನ್ನು ಎತ್ತಿ ತಂಗಿಯನ್ನು ಮೇಲಿಂದ ಕೆಳಗೆ ನೋಡಿದರು.

“ತಿಂತಾಳೆ ಕಣೇ. ಅವಳಿಗೆ ಅದೇ ಊಟ, ಡಾಕ್ಟ್ರೇ ಹೇಳವ್ರೆ. ತಿಂದ್ಮೇಲೆ ಕೈ ಬಾಯಿ ತೊಳ್ಕೊಂಡೇ ಒಳಗ್ ಬರ್ತಾಳೆ. ಬಸ್ ಇಳ್ದು ಸೀದಾ ಬಂದಿದೀಯಲ್ಲ, ನೀನು ಕಾಲು ತೊಳ್ಕೊಂಡ್ಯಾ?”

ಚಿಕ್ಕತ್ತೆ ಬಚ್ಚಲಿಗೆ ಹೋದರು. ಅತ್ತೆ ಎದ್ದು, ಸೆರಗು ಸರಿಮಾಡಿಕೊಂಡು, ಕಾಂಪೌಂಡಿನ ಮೇಲಿಂದ ಪಕ್ಕದ ಮನೆಗೆ ಕೇಳುವಂತೆ ಕೂಗಿದರು:

“ಯಾಕಮ್ಮ ಇವತ್ತು ಲೇಟು? ನಮ್ ಹುಡುಗಿ ಆಗ್ಲಿಂದ ಕಾಯ್ತಾವ್ಳೆ.”