ಐಸ್ ಕೋಣೆಯೊಳಗಿನ ಸದ್ದು

ಯಾರೂ ಇಲ್ಲದ ಕಡೆ ಬಾಗಿಲು ಬಡಿದ ಸದ್ದು ಕೇಳಿಸಿತು ಎಂದು ಯಾರಾದರೂ ಕಥೆ ಶುರು ಮಾಡಿದರೆ, ಚಹಾ ಮುಗಿಸಿ ಎದ್ದು ಹೋಗುವವನು ನಾನು. ಮನೆಯ ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ ವಿಷಯ. ಇಂಥ ಕಥೆಗಳನ್ನು ಹೊಸೆದು ಸಿನಿಮಾದವರಿಗೆ ಕೊಡುವವನೇ ನಾನಾದ್ದರಿಂದ ಅವುಗಳ ಒಳಗುಟ್ಟೆಲ್ಲ ಗೊತ್ತು ಎಂಬ ಜಂಬವೂ ಇತ್ತು. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ನನ್ನ ಕಥೆಯೊಂದನ್ನು ಥ್ರಿಲ್ಲರ್ ಸಿನಿಮಾ ಮಾಡಲು ಹೊರಟ. ಬೋಟಿನ ಡೆಕ್ಕಿನಡಿ ಮೀನು ತುಂಬಿಡುವ ಐಸ್ ಕೋಣೆಯೊಳಗೆ ಒಬ್ಬ ಸಿಕ್ಕಿಬೀಳುತ್ತಾನೆ. ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾ ಅಲ್ಲಿಂದ ಹೊರಗೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟುಗಳೆಲ್ಲ ಬಂದರಿನ ದಕ್ಕೆಯಲ್ಲಿ ಸುಮ್ಮನೆ ನಿಂತಿರುತ್ತವಲ್ಲ, ಆಗ ಕುದ್ರೋಳಿಯ ಒಬ್ಬರು ತಮ್ಮ ಬೋಟು ಕೊಟ್ಟರು. ನಟಿಸುವವನು ರಕ್ಷಿತ್, ನನ್ನ ಅಕ್ಕನ ಒಬ್ಬನೇ ಮಗ. ನಮ್ಮ ಕಡೆ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ಹಿಡಿ ಹೆಚ್ಚು. ಅವನಿಗೆ ಈಜು ಬರುವುದಿಲ್ಲ, ಬೋಟಿನ ಅಂಚಿಗೆ ಹೋಗಲು ಬಿಡಬೇಡ ಎಂದು ಮಣ್ಣಗುಡ್ಡದ ಮನೆಯ ಗೇಟಿನವರೆಗೂ ಬಂದು ಅಕ್ಕ ಹೇಳಿದ್ದಳು.

ಅವತ್ತು ಕೊನೆಯ ದೃಶ್ಯ. ಒಳಗಿದ್ದವನು ಮುಚ್ಚಳಕ್ಕೆ ಮುಷ್ಟಿಯಿಂದ ಬಡಿಯಬೇಕು, ಕೂಗಬೇಕು, ಕೊನೆಗೆ ಸುಮ್ಮನಾಗಿ ಬೀಳಬೇಕು. ಯಾರೂ ತೆರೆಯಬಾರದು. ಎಲ್ಲ ಒಂದೇ ಶಾಟಿನಲ್ಲಿ. ನಿಜವಾಗಿಯೇ ಕಷ್ಟವಾದರೆ ತಿಳಿಯಲಿ ಎಂದು ಏಣಿಯ ಪಕ್ಕದಲ್ಲಿ ಕಬ್ಬಿಣದ ಕೊಕ್ಕೆಯೊಂದನ್ನು ಎಳೆದರೆ ಹರಿಯುವಂಥ ನೂಲಿನಿಂದ ಕಟ್ಟಿದೆವು. ಕೈಯಿಂದ ಬಡಿದರೆ ನಟನೆ, ಕೊಕ್ಕೆಯಿಂದ ಬಡಿದರೆ ತೆರೆಯಬೇಕು. ಐಸಿನ ಬಿಳಿ ಹೊಗೆ ಚೆನ್ನಾಗಿ ಕಾಣಲಿ ಎಂದು ಮೂಲೆಯಲ್ಲಿ ಡ್ರೈ ಐಸ್ ರಾಶಿ ಹಾಕಿದ್ದೆವು. ಮುಚ್ಚಿದ ಜಾಗದಲ್ಲಿ ಅದು ಉಸಿರಾಡುವ ಗಾಳಿಯನ್ನೇ ಹೊರದೂಡುತ್ತದೆ ಎಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ.

ಕ್ಯಾಮೆರಾ, ಮೈಕು ಎರಡನ್ನೂ ಒಳಗೇ ಇಟ್ಟು ಮುಚ್ಚಳ ಹಾಕಿದೆವು. ಮಟಮಟ ಮಧ್ಯಾಹ್ನ. ಡೆಕ್ಕಿನ ಟಾರ್ಪಾಲಿನ ಕೆಳಗೆ ಕೂತ ನಮಗೆ ಅವನ ಬಡಿತ, ಕೂಗು ಮಂದವಾಗಿ ಕೇಳುತ್ತಿತ್ತು. ಆಮೇಲೆ ಎಲ್ಲ ನಿಂತಿತು. ಬರೆದದ್ದೂ ಹಾಗೆಯೇ. ನನ್ನ ದೃಶ್ಯ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಆಗ ಕಬ್ಬಿಣದ ಸದ್ದು ಕೇಳಿಸಿತು. ಸ್ಪಷ್ಟವಾಗಿ, ಬಿಟ್ಟು ಬಿಟ್ಟು, ಕಾಲಡಿಯಿಂದ. ನಾನು ಎದ್ದೆ. ಗೆಳೆಯ ಕೈ ಹಿಡಿದು ಎಳೆದ.

"ಎಂತ ಮಾಡ್ತೀಯ ಮಾರಾಯ? ಶಾಟ್ ಹೋಗ್ತದೆ."

ಕೈ ಕೊಡವಿ ಹೋಗಿ ಮುಚ್ಚಳ ಎತ್ತಿದೆ.

ರಕ್ಷಿತ್ ಏಣಿಯಿಂದ ದೂರ, ಆ ಕಡೆಯ ಗೋಡೆಯ ಬುಡದಲ್ಲಿ ಬೋರಲಾಗಿ ಬಿದ್ದಿದ್ದ. ಉಸಿರು ಬಿಗಿಹಿಡಿದು ಇಳಿದು ಎಳೆದು ತಂದೆವು. ತುಟಿ ನೀಲಿಯಾಗಿತ್ತು. ಸ್ವಲ್ಪ ತಡವಾಗಿದ್ದರೆ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಬದುಕಿದ. ಬಿದ್ದದ್ದು ಮಾತ್ರ ನೆನಪಿದೆಯಂತೆ, ಕೊಕ್ಕೆ ಮುಟ್ಟಿದ ನೆನಪಿಲ್ಲವಂತೆ.

ಕೊಕ್ಕೆಯನ್ನು ಅವನು ಮುಟ್ಟಿರಲೇ ಇಲ್ಲ. ಕಟ್ಟಿದ ನೂಲು ಕಟ್ಟಿದಂತೆಯೇ ಇತ್ತು. ಒಳಗಿನ ಮೈಕಿನಲ್ಲಿ ದಾಖಲಾದದ್ದನ್ನು ಆಮೇಲೆ ಕೇಳಿದೆ. ಅವನು ಬೀಳುವುದು, ಉಸಿರಿಗೆ ಒದ್ದಾಡುವುದು, ಮತ್ತೆ ತುಂಬ ಹೊತ್ತು ಏನೂ ಇಲ್ಲ, ಕೊನೆಗೆ ನಾನು ಮುಚ್ಚಳ ಎತ್ತುವ ಸದ್ದು. ನಡುವೆ ಕಬ್ಬಿಣದ ಸದ್ದಿಲ್ಲ. ಡೆಕ್ಕಿನಲ್ಲಿದ್ದ ಬೇರೆ ಯಾರಿಗೂ ಅದು ಕೇಳಿಸಿರಲಿಲ್ಲ. ಪಕ್ಕದ ಬೋಟಿನ ಸರಪಳಿಯೇನೋ ಎಂದು ಹೋಗಿ ನೋಡಿದೆ. ಅಲ್ಲಿದ್ದದ್ದು ನೈಲಾನ್ ಹಗ್ಗ. ಹೆದರಿದ ಮನಸ್ಸಿಗೆ ಏನೇನೋ ಕೇಳಿಸುತ್ತದೆ ಎಂದು ಸಮಾಧಾನ ಹೇಳಿಕೊಳ್ಳೋಣವೆಂದರೆ, ಆಗ ನನಗೆ ಹೆದರಿಕೆಯೇ ಇರಲಿಲ್ಲ.

ಸಿನಿಮಾ ಅಲ್ಲಿಗೇ ನಿಂತಿತು. ತಮ್ಮ ಇದ್ದದ್ದಕ್ಕೆ ಮಗ ಉಳಿದ ಎಂದು ಅಕ್ಕ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಅದು ಶುರುವಾದರೆ ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತೇನೆ.

ಮೊನ್ನೆ ರಕ್ಷಿತನಿಗೆ ಇನ್ನೊಂದು ಸಿನಿಮಾ ಸಿಕ್ಕಿತು. ಮುಚ್ಚಿದ ನೀರಿನ ಟ್ಯಾಂಕಿಯೊಳಗಿನ ಕಥೆಯಂತೆ. ಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ, ನಕ್ಕುಬಿಟ್ಟ.

"ನೀವು ಮೇಲೆ ಇದ್ರೆ ನನಗೆ ಎಂತ ಹೆದರಿಕೆ ಉಂಟು ಮಾವ?"

ಬರುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಅವತ್ತು ಅವನನ್ನು ಉಳಿಸಿದ್ದು ಏನು ಎಂದು ನನಗೆ ಗೊತ್ತಿಲ್ಲ. ಅದು ಇನ್ನೊಂದು ಸಲ ಬರುತ್ತದೆಯೋ ಇಲ್ಲವೋ ಎಂಬುದೂ ಗೊತ್ತಿಲ್ಲ.