ಅಕ್ಕನ ರಕ್ತ ನಿಲ್ಲಲು ಎಷ್ಟು ಹೊತ್ತು

ಅಕ್ಕನ ಹೃದಯದ ಒಂದು ಕವಾಟ ಗಟ್ಟಿಯಾಗಿ ಸರಿಯಾಗಿ ತೆರೆಯುತ್ತಿಲ್ಲ, ಎದೆ ತೆರೆದು ಅದನ್ನು ಬದಲಿಸಬೇಕು ಎಂದು ಡಾಕ್ಟರು ಹೇಳಿದಾಗ ಅವಳ ಜೊತೆ ಕಲ್ಲಿಕೋಟೆಯ ಆಸ್ಪತ್ರೆಗೆ ಹೋದವಳು ನಾನು. ಅಕ್ಕನ ಊರಾದ ತೋಲ್ಪೆಟ್ಟಿಯಿಂದ ಹೊರಟು, ಕಲ್ಪೆಟ್ಟದಲ್ಲಿ ಬಸ್ಸು ಬದಲಿಸಿ, ಘಾಟಿ ಇಳಿಯುವಷ್ಟರಲ್ಲಿ ಅವಳು ಏದುಸಿರು ಬಿಡುತ್ತಿದ್ದಳು. ಕೇಳಿದರೆ, "ಏನಿಲ್ಲ ಕಣೆ, ಬಸ್ಸೊಳಗೆ ಸೆಕೆ" ಎಂದಳು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಯಾರೋ ನಮ್ಮಕ್ಕನನ್ನು ನೋಡಿಯೇ ಕಟ್ಟಿರಬೇಕು. ನಾನು ಅವಳಿಗೆ ತದ್ವಿರುದ್ಧ. ಮುಳ್ಳು ಚುಚ್ಚಿದರೂ ಊರಿಗೆಲ್ಲ ಹೇಳುವವಳು, ಕಂಡಕಂಡದ್ದನ್ನೆಲ್ಲ ಕೆದಕಿ ಕೇಳುವವಳು. ಪನಮರಂನ ನನ್ನ ಹೊಲಿಗೆ ಅಂಗಡಿಗೆ ಬಂದವರು ರವಿಕೆಯ ಅಳತೆ ಕೊಟ್ಟು ಮುಗಿಸುವುದರೊಳಗೆ ಅವರ ಮನೆಯ ಕತೆಯೆಲ್ಲ ನನಗೆ ಗೊತ್ತಾಗಿರುತ್ತದೆ.

ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹೆಂಗಸು. ಮಲಯಾಳದಲ್ಲಿ ನಿಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದರು. ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ? ಹಲ್ಲು ಕೀಳಿಸಿದಾಗ ಹೇಗಿತ್ತು? ಮುಟ್ಟಿನಲ್ಲಿ ಹೆಚ್ಚು ಹೋಗುತ್ತಿತ್ತೇ? ಹೆರಿಗೆಯಲ್ಲಿ? ಅಕ್ಕನದು ಎಲ್ಲಕ್ಕೂ ಒಂದೇ ಉತ್ತರ: ಎಲ್ಲರಿಗೂ ಆಗುವಷ್ಟೇ.

ನನಗೆ ಸುಮ್ಮನಿರಲಾಗಲಿಲ್ಲ. "ಬೆಳಿಗ್ಗೆ ತಾನೆ ಅಷ್ಟೊಂದು ರಕ್ತ ತೆಗೆದುಕೊಂಡು ಹೋದಿರಲ್ಲ, ಅದನ್ನು ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ಕೇಳಿಯೇಬಿಟ್ಟೆ. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಕೆಲವು ದೋಷಗಳು ಮಾಮೂಲಿ ಪರೀಕ್ಷೆಯಲ್ಲಿ ಕಾಣುವುದಿಲ್ಲವಂತೆ. ಆಪರೇಷನ್ ನಡೆಯುವಾಗ ಮೈಯ ರಕ್ತವೆಲ್ಲ ಒಂದು ಯಂತ್ರದ ಮೂಲಕ ಹಾದುಬರುತ್ತದೆ, ಅದು ಹೆಪ್ಪುಗಟ್ಟದಂತೆ ಮದ್ದು ಕೊಡುತ್ತಾರೆ, ಎಲ್ಲ ಮುಗಿದ ಮೇಲೆ ಇನ್ನೊಂದು ಮದ್ದು ಕೊಟ್ಟು ಅದರ ಶಕ್ತಿಯನ್ನು ಮುರಿಯುತ್ತಾರೆ. ಗಟ್ಟಿಮುಟ್ಟಾದವರ ರಕ್ತವೇ ಇಷ್ಟರಲ್ಲಿ ಸೋತಿರುತ್ತದೆ. ಮೊದಲೇ ಕೊರತೆಯಿದ್ದವರದು ನಿಲ್ಲುವುದೇ ಇಲ್ಲ, ಜೀವಕ್ಕೇ ಅಪಾಯ. "ಹಾಗಾಗಿ ಇಷ್ಟು ವರ್ಷ ಇವರಿಗೆ ಏನೇನಾಗಿದೆ ಎಂಬುದೇ ನನಗೆ ದೊಡ್ಡ ಪರೀಕ್ಷೆ" ಎಂದರು.

ನಾನು ಯೋಚಿಸಿದೆ. ನಮ್ಮ ಮನೆಯಲ್ಲಿ ಗಾಯವನ್ನು ಅದರಷ್ಟಕ್ಕೆ ಯಾರೂ ಬಿಟ್ಟದ್ದೇ ಇಲ್ಲ. ಕತ್ತಿ ತಾಗಿತೋ, ಬೇಲಿಬದಿಯ ಕಮ್ಯೂನಿಸ್ಟ್ ಪಚ್ಚದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ರಸ ಹಿಂಡುವುದು. ಅದೂ ಕೈಗೆ ಸಿಗದಿದ್ದರೆ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟುವುದು. ಒಳಗೆ ಎಷ್ಟು ಹೊತ್ತು ಹರಿಯಿತು ಎಂದು ಬಿಚ್ಚಿ ನೋಡುವವರು ಯಾರು? ನಾವು ನೋಡುತ್ತಾ ಕೂತ ಗಾಯ ಎಂದರೆ ಜಿಗಣೆ, ನಮ್ಮ ಕಡೆಯ ಮಾತಿನಲ್ಲಿ ಅಟ್ಟ, ಕಚ್ಚಿದ್ದು ಮಾತ್ರ. ಅದನ್ನೇ ಹೇಳಿದೆ. "ಅಟ್ಟ ಕಚ್ಚಿದರೆ ಅಕ್ಕನಿಗೆ ತುಂಬ ರಕ್ತ ಹೋಗುತ್ತಿತ್ತು."

"ಅದು ಎಲ್ಲರಿಗೂ ಹೋಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅಟ್ಟವೇ ಏನನ್ನೋ ಬಿಟ್ಟಿರುತ್ತದೆ" ಎಂದು ಡಾಕ್ಟರು ಎದ್ದರು. ಎದ್ದವರು ಮತ್ತೆ ಕೂತರು. "ನೀವಿಬ್ಬರೂ ಒಟ್ಟಿಗೇ ನಡೆಯುತ್ತಿದ್ದಿರಾ? ಯಾರದು ಮೊದಲು ನಿಲ್ಲುತ್ತಿತ್ತು?"

ಹಾಗೆಂದು ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳುವ ಚಟದ ನನಗೂ ಹೊಳೆದಿರಲಿಲ್ಲ. ಶಾಲೆಗೆ ಹೋಗುವ ಕಾಡುದಾರಿ ಒಂದೇ, ಕಚ್ಚುವ ಅಟ್ಟಗಳೂ ಅವೇ. ನನ್ನ ಕಾಲು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಒಣಗಿರುತ್ತಿತ್ತು. ಅಕ್ಕನ ಲಂಗದ ಅಂಚು ಮಧ್ಯಾಹ್ನದ ಗಂಜಿಯ ಹೊತ್ತಿಗೂ ಒದ್ದೆ. "ಇವಳದು ಸಿಹಿ ರಕ್ತ, ಅಟ್ಟಕ್ಕೆ ಅದೇ ಇಷ್ಟ" ಎಂದು ಅಮ್ಮ ಹೇಳುತ್ತಿದ್ದಳು, ನನ್ನದು ಸಿಹಿಯಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಹಲ್ಲು ಕೀಳಿಸಿಕೊಂಡು ಬಂದಾಗ ಮರುದಿನದವರೆಗೂ ಬಾಯಿಗೆ ಟವೆಲ್ ಒತ್ತಿಕೊಂಡಿದ್ದಳು. ಸುಮ್ಮನಿರದೆ ಸೀಬೆಕಾಯಿ ತಿಂದಿರಬೇಕು ಎಂದು ನಾವೆಲ್ಲ ನಕ್ಕೆವು. ಮೂಗಿನಲ್ಲಿ ರಕ್ತ ಬಂದರೆ ಉಷ್ಣ. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಕಾರಣ ಸಿದ್ಧವಾಗಿರುತ್ತಿತ್ತು. ಎಲ್ಲವನ್ನೂ ಡಾಕ್ಟರ ಮುಂದೆ ಸಾಲಾಗಿ ಹೇಳುತ್ತಾ ಹೋದೆ. ಅಕ್ಕ ಹೊದಿಕೆಯ ಕೆಳಗಿನಿಂದ ನನ್ನ ತೊಡೆ ಚಿವುಟಿದಳು.

ಆಪರೇಷನ್ ಮುಂದಕ್ಕೆ ಹೋಯಿತು. ಬೇರೊಂದು ಪರೀಕ್ಷೆಗೆ ಮತ್ತೆ ರಕ್ತ ತೆಗೆದರು.

"ಈಗಾಗ್ಲೆ ಎಲ್ಲ ಮುಗ್ದಿರೋದು. ನಿನ್ ಬಾಯಿಗೆ ಬೀಗ ಇಲ್ಲ, ಅಟ್ಟನ ಕತೆ ತೆಗ್ದೆ" ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಕಾಯುವ ದಿನಗಳಲ್ಲಿ ಅವಳ ಉಸಿರಾಟ ಇನ್ನೂ ಕೆಟ್ಟಿತು. ನನ್ನ ಬಾಯಿಯಿಂದಲೇ ಇವಳಿಗೆ ಏನಾದರೂ ಆದರೆ ಎಂದು ನನಗೆ ಭಯವಾಗಿ ಅನ್ನ ಸೇರಲಿಲ್ಲ. ಕೊನೆಗೆ ವರದಿ ಬಂತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅಕ್ಕನಲ್ಲಿ ಹುಟ್ಟಿನಿಂದಲೇ ಕಡಿಮೆ. ಗೊತ್ತಾಗಿದ್ದು ಒಳ್ಳೆಯದಾಯಿತು, ಅದನ್ನು ಮೊದಲೇ ಕೊಟ್ಟು ಆಪರೇಷನ್ ಮಾಡಬಹುದು ಎಂದರು ಡಾಕ್ಟರು. ಇದು ವಂಶದಲ್ಲಿ ಬರುವಂಥದ್ದು, ಹತ್ತಿರದವರೂ ಪರೀಕ್ಷೆ ಮಾಡಿಸಬೇಕು ಎಂದೂ ಹೇಳಿದರು. ನಾನು ಅಲ್ಲೇ ಕೈ ಚಾಚಿದೆ, ನನ್ನದು ಸರಿಯಿತ್ತು. ಉಳಿದವಳು ಅಕ್ಕನ ಒಬ್ಬಳೇ ಮಗಳು, ಕುಟ್ಟದ ಕಡೆಗೆ ಮದುವೆಯಾಗಿ ಹೋದವಳು, ಈಗ ಬಸುರಿ.

"ಮೋಳಿಗೆ ಒಂದಕ್ಷರ ಹೇಳ್ಬ್ಯಾಡ" ಎಂದಳು ಅಕ್ಕ; ಮಗಳನ್ನು ಅವಳು ಕರೆಯುವುದೇ ಮೋಳೆ ಎಂದು. "ಬಸ್ರಿ ಹೆಂಗ್ಸು, ಹೆದ್ರಿ ಪೇಡಿ ಪಡ್ತಾಳೆ. ನಾನು ಎದ್ದು ಬಂದ್ಮೇಲೆ ನೋಡ್ಕತೀನಿ."

ಎದ್ದು ಬರದಿದ್ದರೆ? ಆ ಪ್ರಶ್ನೆಯನ್ನು ಮಾತ್ರ ನಾನು ನುಂಗಿಕೊಂಡೆ.

ಆಪರೇಷನ್ ಆದ ಮೇಲೆ ನನ್ನನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಅಕ್ಕನಿಗೆ ಎಚ್ಚರವಿರಲಿಲ್ಲ. ಅವಳ ಎದೆಯ ಕೆಳಗಿನಿಂದ ಕೊಳವೆಗಳು ಹೊರಟು ಮಂಚದ ಬದಿಯ ಗೆರೆ ಹಾಕಿದ ಡಬ್ಬಿಗೆ ಇಳಿದಿದ್ದವು, ಅದರಲ್ಲಿ ಅವಳ ರಕ್ತ. ಇಷ್ಟು ಸರಿಯೋ ಹೆಚ್ಚೋ ಎಂದು ನರ್ಸನ್ನು ಕೇಳಿದೆ. ಮೊದಲು ಸ್ವಲ್ಪ ಬಂದೇ ಬರುತ್ತದೆ, ಆಮೇಲೆ ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚಿದರೆ ಮತ್ತೆ ಒಳಗೆ ಒಯ್ದು ತೆರೆದು ನೋಡಬೇಕು ಎಂದಳು. ಸಂಜೆ ಹೋದಾಗ ಕೊಳವೆಯಲ್ಲಿ ಏನೂ ಇಳಿಯುತ್ತಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ನರ್ಸಿನ ಮುಖದಲ್ಲಿ ಖುಷಿ ಇರಲಿಲ್ಲ. ಅವಳು ಕೊಳವೆಯನ್ನು ಉದ್ದಕ್ಕೂ ಬೆಳಕಿಗೆ ಹಿಡಿದು ನೋಡಿದಳು, ಡಾಕ್ಟರನ್ನು ಕರೆದಳು. ಕೊಳವೆ ಕಟ್ಟಿಕೊಂಡಿದ್ದರೆ ರಕ್ತ ಒಳಗೇ ತುಂಬಿ ಹೃದಯವನ್ನು ಒತ್ತುತ್ತದಂತೆ. ಎದೆಯ ಮೇಲೆ ಸ್ಕ್ಯಾನ್ ಯಂತ್ರ ಇಟ್ಟು ನೋಡಿದರು. ಒಳಗೆ ಏನೂ ತುಂಬಿರಲಿಲ್ಲ, ರಕ್ತ ನಿಜವಾಗಿಯೂ ನಿಂತಿತ್ತು.

"ಹೆಚ್ಚು ಬಂದರೂ ಕಷ್ಟ, ಬರದಿದ್ದರೂ ಕಷ್ಟವೇ?" ಎಂದೆ.

"ಅದಕ್ಕೇ ಅಲ್ಲವೇ ಚೇಚಿ, ನಾವು ಇಲ್ಲಿಂದ ಕದಲದೆ ಇರುವುದು" ಎಂದಳು ನರ್ಸ್. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಅಕ್ಕ ಗಂಜಿ ಕುಡಿದು, ಮಗಳಿಗೆ ಫೋನು ಹಚ್ಚು ಎಂದಳು. ಹಚ್ಚಿ ಅವಳ ಕಿವಿಯ ಹತ್ತಿರ ಹಿಡಿದೆ. ಅಕ್ಕಪಕ್ಕದ ಮಂಚದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ಮೋಳೆ, ನಾಳೇನೆ ಹೋಗಿ ರಕ್ತ ಪರೀಕ್ಷೆ ಮಾಡ್ಸು. ಯಾವ್ದು ಅಂತ ಚಿಕ್ಕಮ್ಮ ಹೇಳ್ತಾಳೆ. ನೀ ಹುಟ್ಟಿದಾಗ ನಂಗೆ ರಕ್ತ ನಿಲ್ಲಲೇ ಇಲ್ಲ. ಹಳೇ ಸೀರೆ ಒಂದಾದ್ಮೇಲೊಂದು ಹಾಕಿದ್ರು, ಎಲ್ಲಾ ನೆಂದೋಯ್ತು. ಕಣ್ಣಿಗೆ ಕತ್ಲೆ ಬಂದು, ಸತ್ತೇ ಅಂದ್ಕಂಡೆ. ಹೆತ್ತೋರ್ಗೆಲ್ಲ ಹಿಂಗೇ ಆಯ್ತದೆ ಅಂತ ತಿಳ್ಕಂಡು ಯಾರಿಗೂ ಹೇಳ್ಲಿಲ್ಲ."

ಆ ಕಡೆಯಿಂದ ಮಗಳು ಏನೋ ಕೇಳಿದಳು. ಅಕ್ಕ ಎದೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಸುಧಾರಿಸಿಕೊಂಡಳು.

"ಹೂಂ. ಒಬ್ಬ ತಮ್ಮ ಬೇಕು ಅಂತ ನೀ ಅಳ್ತಿದ್ದಾಗ ನಾ ಹೊಡೀತಿದ್ನಲ್ಲ, ಅದು ಇದಕ್ಕೇ ಮೋಳೆ. ನಂಗೆ ಹೆದ್ರಿಕೆ ಇತ್ತು."